ಜಡ್ಜಪ್ಪನ ಬಿಡುಗಡೆ

ಜೂನ್ 14

ಪ್ರೀತಿಯ ಅಪ್ಪ,

ಫೋನಿನಲ್ಲಿ ನೀನು "ಹೂಂ" ಬಿಟ್ಟು ಬೇರೇನೂ ಅನ್ನುವುದಿಲ್ಲ. ಕಾಗದದಲ್ಲಾದರೆ ಪೂರ್ತಿ ವಾಕ್ಯ ಬರೆಯುತ್ತೀಯ. ಅದಕ್ಕೇ ಈ ಕಾಗದ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಹೇಳುವುದಕ್ಕೆ ಒಂದು ಗೋಣಿಚೀಲದಷ್ಟು ಸುದ್ದಿ ಇದೆ.

ಮೊದಲು ನಿನ್ನ ಅಳಿಯನ ಸುದ್ದಿ. ಎಷ್ಟು ಸುಖವಾಗಿದ್ದೇನೆಂದರೆ ಹೇಳಿಕೊಳ್ಳಲು ನನಗೇ ನಾಚಿಕೆ. ದಿನವಿಡೀ ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ, ನಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲದ್ದರಿಂದ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಲ್ಲುತ್ತಾರೆ. ಆಮೇಲೆ ನನ್ನ ಮೂಗಿನ ತುದಿಯನ್ನು ಗುಂಡಿ ಒತ್ತಿದ ಹಾಗೆ ಒತ್ತಿ "ಮೇಲಕ್ಕೋ, ಕೆಳಕ್ಕೋ?" ಅನ್ನುತ್ತಾರೆ. ದಿನವೂ ಅದೇ ಜೋಕು. ದಿನವೂ ನಾನು ಮೊದಲ ಸಲ ಕೇಳಿದವಳಂತೆ ನಗುತ್ತೇನೆ. ಅಮ್ಮನಿಗೆ ಇದನ್ನು ಓದಿ ಹೇಳಬೇಡ, ನಗಾಡುತ್ತಾಳೆ.

ಅತ್ತೆಯ ಬಗ್ಗೆ ನನಗೆ ಇನ್ನೂ ಸ್ವಲ್ಪ ಭಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಲೋಕದವರ ಮಾತನ್ನೆಲ್ಲ ಜೋಡಿಸಿಕೊಟ್ಟು ತಮಗೆಂದು ಬಹಳ ಕಡಿಮೆ ಉಳಿಸಿಕೊಂಡಿದ್ದಾರೆ. ನಾನು ಅಡುಗೆಮನೆಯಲ್ಲಿ ಒಂದೇ ಸಮನೆ ವಟಗುಟ್ಟುತ್ತಿದ್ದರೆ ಗೋಡೆ ಗಡಿಯಾರ ನೋಡಿ, ಹಿಂದೆ ಟ್ರಂಕ್ ಕಾಲಿನ ನಡುವೆ ಕೇಳುತ್ತಿದ್ದ ಹಾಗೆ, "ಮೂರು ನಿಮಿಷ ಆಯ್ತು. ಮುಂದುವರಿಸ್ತೀಯಾ?" ಅನ್ನುತ್ತಾರೆ. ಅದು ತಮಾಷೆಯೋ ಬೈಗುಳವೋ ಇನ್ನೂ ಗೊತ್ತಾಗಿಲ್ಲ.

ಮನೆಯ ನಾಲ್ಕನೆಯ ಸದಸ್ಯ ಜಡ್ಜಪ್ಪ. ಕಂದುಬಣ್ಣದ ಮುದಿ ನಾಯಿ. ಯಾರು ಜಗಳವಾಡಿದರೂ ತಲೆ ಓರೆ ಮಾಡಿ ಎರಡೂ ಕಡೆಯದನ್ನು ಕೇಳಿ, ಕೊನೆಗೆ ತೀರ್ಪು ಕೊಡದೆ ನಿದ್ದೆ ಹೋಗುತ್ತಾನೆಂದು ಮಾವನವರು ಇಟ್ಟ ಹೆಸರಂತೆ. ಮಾವನವರು ಹೋಗಿ ವರ್ಷವಾಯಿತಲ್ಲ, ಅತ್ತೆ ಈಗಲೂ ಬೆಳಿಗ್ಗೆ ಅವರ ಬೂಟುಗಳಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಡುತ್ತಾರೆ. ಜಡ್ಜಪ್ಪ ಅವುಗಳ ಮೇಲೆ ಗದ್ದ ಊರಿ ಮಲಗುತ್ತಾನೆ. ಅತ್ತೆ ಅವನನ್ನು ಮುದ್ದು ಮಾಡಿದ್ದನ್ನು ನಾನು ನೋಡಿಲ್ಲ. ಆದರೆ ಬೂಟು ಅವನಿಗೇ ಎಂದು ನನಗೆ ಗೊತ್ತು.

ಈಗ ಮುಖ್ಯ ವಿಷಯ. ಅತ್ತೆ ತಮ್ಮ ಅಕ್ಕನ ಮನೆಗೆ ಹೋಗಿದ್ದರು. ಇವರು ಯಾವುದೋ ಲಿಫ್ಟಿನ ಕೆಳಗಿನ ಹಳ್ಳದೊಳಗೆ ಇಳಿದಿದ್ದರಿಂದ ಫೋನು ಸಿಗಲಿಲ್ಲ. ಜಡ್ಜಪ್ಪ ಬೆಳಿಗ್ಗೆಯಿಂದ ವಾಂತಿ ಮಾಡುತ್ತಿದ್ದ, ಹೊಟ್ಟೆ ಮುಟ್ಟಿದರೆ ಬಿಗಿ. ಬೇರೆ ಯಾರಾದರೂ ಆಗಿದ್ದರೆ ಕಾಯುತ್ತಿದ್ದರು. ನಾನು ನಿನ್ನ ಆಸ್ಪತ್ರೆಯ ಬೆಂಚಿನ ಕೆಳಗೆ ಕೂತು ಹೋಮ್‌ವರ್ಕ್ ಮಾಡಿ ಬೆಳೆದವಳು. ಬೆಡ್‌ಶೀಟಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ರಸ್ತೆ ತುದಿಯ ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಅಲ್ಲಿ ಇರುವುದು ಒಬ್ಬರೇ ಡಾಕ್ಟರು, ಎತ್ತರದ ಹೆಂಗಸು, ಮುಖದಲ್ಲಿ ನಗುವಿನ ಗುರುತೇ ಇಲ್ಲ. ಎಕ್ಸ್‌ರೇ ನೋಡಿ, "ಕರುಳಲ್ಲಿ ಏನೋ ಸಿಕ್ಕಿಕೊಂಡಿದೆ. ಈಗಲೇ ಆಪರೇಷನ್ ಆಗ್ಬೇಕು. ಆದ್ರೆ ಖರ್ಚು ಎಷ್ಟಾಗುತ್ತೆ ಅಂದ್ರೆ..." ಎಂದು ಶುರು ಮಾಡಿದರು. ನಾನು ಬಿಡಲಿಲ್ಲ. "ಡಾಕ್ಟ್ರೇ, ನಮ್ಮಪ್ಪನೂ ಪ್ರಾಣಿ ಡಾಕ್ಟ್ರು. ಮೊದಲು ಪ್ರಾಣಿ, ಆಮೇಲೆ ಮಾತು. ಏನು ಬೇಕೋ ಮಾಡಿ" ಅಂದೆ. ಅವರು ಇನ್ನೊಮ್ಮೆ ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಒಂದು ಕ್ಷಣ ನನ್ನನ್ನು ದಿಟ್ಟಿಸಿ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದರು. ನೀನು ಅಲ್ಲಿದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದೆ.

ಒಳಗಿನಿಂದ ಏನು ಬಂತು ಗೊತ್ತಾ? ಲಿಫ್ಟಿನ ಗುಂಡಿ. ದಪ್ಪನೆಯದು, ಮೇಲೆ 3 ಎಂದು ಬರೆದಿದೆ. ಇವರ ಪ್ಯಾಂಟಿನ ಜೇಬಿನಿಂದ ಬಿದ್ದದ್ದು. ಜಡ್ಜಪ್ಪ ಬದುಕಿದ, ಅಪ್ಪ. ಕೆಲವು ದಿನ ಅಲ್ಲೇ ಇರಬೇಕಂತೆ. ನಾನು ಕಾಪಾಡಿದೆ.

ನಿನ್ನ
ವಟವಟಿ


ಜೂನ್ 18

ಅಪ್ಪ,

ಇವತ್ತು ಕೋಪದಲ್ಲೇ ಬರೆಯುತ್ತಿದ್ದೇನೆ.

ಬಿಲ್ ಕೊಟ್ಟರು. ಇವರ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಪೂರ್ತಿ ಕಟ್ಟುವವರೆಗೆ ನಾಯಿಯನ್ನು ಬಿಡುವುದಿಲ್ಲವಂತೆ. ನಾಯಿ ಎದ್ದು ಓಡಾಡುತ್ತಿದೆ, ಹೊಲಿಗೆ ಒಣಗಿದೆ, ಆದರೂ ಪಂಜರದಲ್ಲಿದೆ. ಯಾವ ಅಪರಾಧಕ್ಕೆ? ಡಾಕ್ಟರ ಜೊತೆ ಕೌಂಟರಿನಲ್ಲೇ ಜಟಾಪಟಿಯಾಯಿತು.

"ಒಂದು ಮಾತು ಹೇಳದೆ ಇಷ್ಟು ದೊಡ್ಡ ಬಿಲ್ ಮಾಡೋದು ನ್ಯಾಯಾನಾ?" ಅಂದೆ.

"ಹೇಳಕ್ಕೆ ಬಂದೆ."

"ಜೋರಾಗಿ ಹೇಳ್ಬೇಕಿತ್ತು."

"ನಿಮಗಿಂತ ಜೋರಾಗಿ ಮಾತಾಡೋದು ನನಗೆ ಬರಲ್ಲಮ್ಮ."

"ನಮ್ಮಪ್ಪ ಯಾವತ್ತೂ ಯಾರ ನಾಯಿನೂ ಒತ್ತೆ ಇಟ್ಟುಕೊಂಡವರಲ್ಲ."

"ನಿಮ್ಮಪ್ಪನ ಕೈಕೆಳಗೆ ಎಷ್ಟು ಜನ ಸಂಬಳಕ್ಕಿದ್ದಾರೆ?"

ಉತ್ತರ ಕೊಡಬೇಕಾದ ಪ್ರಶ್ನೆಯೇ ಅಲ್ಲ ಅದು. ಕಾಯುತ್ತಿದ್ದವರ ಕಡೆ ತಿರುಗಿ, "ನೋಡ್ಕೊಳ್ಳಿ, ಇಲ್ಲಿಗೆ ಬಂದವರು ಜೇಬು ಬಿಚ್ಚಿಟ್ಟು ಹೋಗ್ಬೇಕು" ಎಂದು ಹೇಳಿ ಬಂದೆ. ಒಬ್ಬರ ಗಿಳಿ "ಹೋಗ್ಬೇಕು, ಹೋಗ್ಬೇಕು" ಅಂದಿತು.

ಅತ್ತೆ ವಾಪಸು ಬಂದಿದ್ದಾರೆ. ಬಾಗಿಲು ದಾಟುವ ಮೊದಲೇ ಬೂಟಿನ ಕಡೆ ನೋಡಿ "ನಾಯಿ ಎಲ್ಲಿ?" ಅಂದರು. ನಾನು ಎಲ್ಲ ಹೇಳಿದೆ, ಮೂರು ನಿಮಿಷಕ್ಕಿಂತ ತುಂಬ ಹೆಚ್ಚು ಹೊತ್ತು. ಅವರು ಗಡಿಯಾರ ನೋಡಲಿಲ್ಲ. ಕೊನೆಗೆ "ಅವನನ್ನ ಕರ್ಕೊಂಡು ಬಾ" ಎಂದಷ್ಟೇ ಹೇಳಿ ಒಳಗೆ ಹೋದರು. ಇವತ್ತು ಬೂಟಿಗೆ ಪಾಲಿಶ್ ಬಿದ್ದಿಲ್ಲ.

ನಿನ್ನ ಅಳಿಯ, ಸಮುದ್ರ ನೋಡಲು ಹೋಗೋಣವೆಂದು ಕೂಡಿಟ್ಟಿದ್ದ ಹಣದ ಡಬ್ಬಿ ತಂದು ಮೇಜಿನ ಮೇಲಿಟ್ಟರು. "ಸಮುದ್ರ ಎಲ್ಲೂ ಓಡಿಹೋಗಲ್ಲ" ಅಂದರು. ಅದು ಬಿಲ್ಲಿನ ಕಾಲು ಭಾಗಕ್ಕೂ ಸಾಲದು. ಸಾಕಾಗುವಂತಿದ್ದರೂ ನಾನು ಕೊಡುವವಳಲ್ಲ.

ನೀನು ನಿನ್ನ ಲೆಟರ್‌ಹೆಡ್ಡಿನ ಮೇಲೆ ಎರಡು ಸಾಲು ಬರೆದು ಕಳಿಸು: ಈ ಬಿಲ್ ಅನ್ಯಾಯದ್ದು, ಇದೇ ಕೆಲಸವನ್ನು ನಾನು ಇದರ ಹತ್ತರಲ್ಲೊಂದು ಪಾಲಿಗೆ ಮಾಡುತ್ತೇನೆ ಎಂದು. ಬಿಲ್ಲಿನ ನಕಲು ಜೊತೆಗಿದೆ. ಆಮೇಲೆ ನಾನಿದ್ದೇನೆ, ಅವರಿದ್ದಾರೆ.

ನಿನ್ನ
ವಟವಟಿ


ಜೂನ್ 21

ಚಿರಂಜೀವಿ ವಟವಟಿಗೆ ಆಶೀರ್ವಾದಗಳು.

ಬಿಲ್ ಓದಿದೆ. ಅದರಲ್ಲಿ ಅನ್ಯಾಯದ್ದು ಏನೂ ಇಲ್ಲ. ಅರಿವಳಿಕೆ, ಎಕ್ಸ್‌ರೇ, ಹೊಲಿಗೆ ದಾರ, ಡ್ರಿಪ್, ಪಕ್ಕದಲ್ಲಿ ಕೂತು ನೋಡಿಕೊಂಡವರ ಕೂಲಿ. ಎಲ್ಲ ಇರಬೇಕಾದ್ದೇ.

ಇದೇ ಕೆಲಸವನ್ನು ಹತ್ತರಲ್ಲೊಂದು ಪಾಲಿಗೆ ಮಾಡುತ್ತೇನೆ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ನಾನು ಇದನ್ನು ಮಾಡುತ್ತಲೇ ಇರಲಿಲ್ಲ. ನನ್ನ ಹತ್ತಿರ ಆ ಯಂತ್ರಗಳಿಲ್ಲ. ಇಂಥ ನಾಯಿಗಳು ನನ್ನ ಮೇಜಿನ ಮೇಲೆ ಸತ್ತಿವೆ. ಆಗ ನೀನು ಬೆಂಚಿನ ಕೆಳಗೆ ಇರುತ್ತಿರಲಿಲ್ಲ, ನಿನ್ನನ್ನು ಅಮ್ಮ ಮನೆಗೆ ಕರೆಸಿಕೊಳ್ಳುತ್ತಿದ್ದಳು.

ನಿನ್ನ ಮೊದಲ ಕಾಗದವನ್ನು ಮತ್ತೆ ತೆಗೆದು ಓದಿದೆ. ಆಕೆ ಎರಡು ಸಲ ಬಾಯಿ ತೆರೆದಳು, ನೀನು ಎರಡು ಸಲ ಮುಚ್ಚಿಸಿದೆ. ನೀನೇ ಹೆಮ್ಮೆಯಿಂದ ಬರೆದಿದ್ದೀಯ. ಅದಕ್ಕೆ ಬಳಸಿದ್ದು "ಮೊದಲು ಪ್ರಾಣಿ, ಆಮೇಲೆ ಮಾತು" ಎಂಬ ನನ್ನ ಮಾತನ್ನು. ಆ ಮಾತು ನಮ್ಮ ಊರಿನ ಆ ಒಂದು ಕೋಣೆಯಲ್ಲಿ ನಡೆಯುತ್ತದೆ. ಅದನ್ನು ಬೇರೆಯವರ ಕೋಣೆಗೆ ಹೊತ್ತುಕೊಂಡು ಹೋಗು ಎಂದು ನಾನು ಹೇಳಿರಲಿಲ್ಲ.

ಲೆಟರ್‌ಹೆಡ್ ಕಳಿಸುವುದಿಲ್ಲ. ನಾಯಿಗೆ ಒಂದು ವಾರ ಗಟ್ಟಿ ಆಹಾರ ಬೇಡ.

ಇತಿ
ನಿನ್ನ ಅಪ್ಪ


ಜೂನ್ 24

ಅಪ್ಪ,

ನೀನು ಪೂರ್ತಿ ವಾಕ್ಯ ಬರೆಯಲಿ ಎಂದು ಆಸೆಪಟ್ಟೆ. ಬರೆದದ್ದೆಲ್ಲ ಅವರ ಪರವಾಗಿ.

ಸರಿ, ನಾನು ಬಾಯಿ ಮುಚ್ಚಿಸಿದೆ. ಒಪ್ಪಿದೆ. ಆದರೆ ಖರ್ಚು ಕೇಳುವುದು ಕೀಳು ಎಂದು ನನಗೆ ಕಲಿಸಿದವರು ಯಾರು? ಯಾರಾದರೂ ಬಾಗಿಲಲ್ಲೇ "ಎಷ್ಟಾಗುತ್ತೆ ಡಾಕ್ಟ್ರೇ" ಅಂದರೆ ನೀನು ಕನ್ನಡಕದ ಮೇಲಿನಿಂದ ನೋಡುತ್ತಿದ್ದೆಯಲ್ಲ, ಆ ನೋಟಕ್ಕೆ ಅವರು ಭೂಮಿಗೆ ಇಳಿದುಹೋಗುತ್ತಿದ್ದರು. ಬೆಂಚಿನ ಕೆಳಗಿದ್ದ ನನಗೂ ನಾಚಿಕೆಯಾಗುತ್ತಿತ್ತು, ಅವರ ಪರವಾಗಿ. ಆಪರೇಷನ್ ಕೋಣೆಯ ಮುಂದೆ ನಿಂತಾಗ ನನ್ನ ಬೆನ್ನ ಹಿಂದೆ ಇದ್ದದ್ದು ನಿನ್ನ ಆ ನೋಟ.

ನೀನು ಜೀವಮಾನವಿಡೀ ಕೈಚಾಚದೆ ಕೆಲಸ ಮಾಡಿದೆ. ಯಾರೋ ಮೊಟ್ಟೆ ಕೊಟ್ಟರು, ಯಾರೋ ಸೌದೆ ಕೊಟ್ಟರು, ಯಾರೋ ಏನೂ ಕೊಡಲಿಲ್ಲ. ನಾವೇನು ಉಪವಾಸ ಬಿದ್ದೆವಾ? ನಾನು ಒಳ್ಳೆಯ ಶಾಲೆಗೆ ಹೋಗಲಿಲ್ಲವಾ? ನಿನ್ನಿಂದ ಆದದ್ದು ಅವರಿಂದ ಯಾಕೆ ಆಗುವುದಿಲ್ಲ?

ನಾನು ಬಗ್ಗುವುದಿಲ್ಲ. ದಿನವೂ ಹೋಗಿ ಕಾಯುವ ಕೋಣೆಯಲ್ಲಿ ನಾಯಿಯ ಚೈನು ಹಿಡಿದು ನಿಲ್ಲುತ್ತೇನೆ. ನನ್ನ ದನಿ ಕೇಳಿದ ಕೂಡಲೇ ಒಳಗಿನಿಂದ ಅವನು ಬೊಗಳುತ್ತಾನೆ. ಅತ್ತೆಗೆ ಇದನ್ನು ಹೇಳಿಲ್ಲ.

ಮಗಳು


ಜೂನ್ 27

ಮಗೂ,

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಕೈ ಸೋತಿದೆ. ಆದರೆ ನಿನ್ನ ಕಾಗದವನ್ನು ನಿಮ್ಮಪ್ಪ ಮೇಜಿನ ಮೇಲೆ ಬಿಚ್ಚಿಟ್ಟು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತರು. ಅದಕ್ಕೇ ಓದಿದೆ.

"ನಾವೇನು ಉಪವಾಸ ಬಿದ್ದೆವಾ" ಎಂದು ಕೇಳಿದ್ದೀಯ. ಇಲ್ಲ, ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ಯೋಚಿಸಿದ್ದೀಯಾ? ಬೆಳಿಗ್ಗೆ ಶಾಲೆ, ಸಂಜೆ ನಮ್ಮ ಹಜಾರದ ತುಂಬ ಟ್ಯೂಷನ್ ಮಕ್ಕಳು. ಗಲಾಟೆ ಎಂದು ನೀನು ಆಸ್ಪತ್ರೆಗೆ ಓಡಿಹೋಗುತ್ತಿದ್ದೆ, ಆ ಬೆಂಚಿನ ಕೆಳಗೆ. ಲಸಿಕೆ ಇಡುವ ಫ್ರಿಜ್ಜು ಬಂದ ವರ್ಷ ನನ್ನ ಕೈಯಲ್ಲಿದ್ದ ಬಳೆ ಹೋಯಿತು. ನಿನ್ನ ಶಾಲೆಯ ಫೀಸು ಮೊಟ್ಟೆಯಲ್ಲಿ ಕಟ್ಟಿದ್ದಲ್ಲ.

ನಿಮ್ಮಪ್ಪ ಯಾರನ್ನೂ ಕೇಳಲಿಲ್ಲ, ನಿಜ. ಹಾಗೆಂದು ಯಾರೂ ಕೊಡಲಿಲ್ಲ ಎಂದಲ್ಲ. ನಾನು ಕೊಟ್ಟೆ. ಊರಿನ ಒಂದೊಂದು ಬೆಕ್ಕಿಗೂ, ಹಸುವಿಗೂ. ಅವರೆಲ್ಲ ದಾರಿಯಲ್ಲಿ ಸಿಕ್ಕರೆ "ಡಾಕ್ಟ್ರು ದೇವರಂಥವರು" ಅನ್ನುತ್ತಾರೆ. ನಾನು ಹೌದು ಎಂದು ತಲೆಯಾಡಿಸಿ ಟ್ಯೂಷನ್ನಿಗೆ ಹೊತ್ತಾಯಿತು ಎಂದು ಬರುತ್ತೇನೆ. ನನಗೆ ಬೇಸರವಿಲ್ಲ. ಆದರೆ ಮೊಟ್ಟೆ, ಸೌದೆಯಿಂದಲೇ ಮನೆ ನಡೆಯಿತು ಎನ್ನುವ ಹಾಗೆ ನೀನು ಬರೆದರೆ ಸುಮ್ಮನಿರುವಷ್ಟು ದೊಡ್ಡವಳಲ್ಲ ನಾನು.

ಆ ಡಾಕ್ಟರಮ್ಮನನ್ನು ಒಂದು ಮಾತು ಕೇಳು: ನಿಮ್ಮ ಮನೆಯಲ್ಲಿ ನನ್ನಂಥ ಹೆಂಡತಿ ಇದ್ದಾಳಾ ಎಂದು.

ಬಗ್ಗು ಎಂದು ನಾನು ಹೇಳುವುದಿಲ್ಲ. ಬಗ್ಗುವ ಮಗಳನ್ನು ಹೆತ್ತಿಲ್ಲ. ಆದರೆ ಸರಿಯಾದ ಜಾಗ ನೋಡಿ ನಿಂತುಕೋ, ಆಮೇಲೆ ಎಷ್ಟು ಬೇಕಾದರೂ ಬೀಗು. ಹಣ ಕಳಿಸುವುದಿಲ್ಲ. ನಿನಗೆ ಬಾಯಿ ಇದೆ.

ನಿಮ್ಮಪ್ಪನಿಗೆ ಇದನ್ನು ತೋರಿಸಿಲ್ಲ.

ಅಮ್ಮ


ಜೂನ್ 30

ಡಾಕ್ಟರ್ ಅವರಿಗೆ,

ಎದುರಿಗೆ ನಿಂತರೆ ನಾವಿಬ್ಬರೂ ಕಚ್ಚಾಡುತ್ತೇವೆ. ಅದಕ್ಕೇ ಬರೆದು ಕೌಂಟರಿನಲ್ಲಿ ಕೊಟ್ಟು ಹೋಗುತ್ತಿದ್ದೇನೆ.

ನಿಮ್ಮ ಬಿಲ್ಲಿನಲ್ಲಿ ಒಂದು ಕಾಸೂ ಕಡಿಮೆ ಮಾಡಿ ಎಂದು ಕೇಳುವುದಿಲ್ಲ. ಅದು ನ್ಯಾಯದ್ದೆಂದು ನನ್ನ ಅಪ್ಪ ಹೇಳಿದ್ದಾರೆ, ಅವರು ಸುಳ್ಳು ಹೇಳುವವರಲ್ಲ. ನೀವು ಇಲ್ಲದಿದ್ದರೆ ಜಡ್ಜಪ್ಪ ಸಾಯುತ್ತಿದ್ದ. ಇಲ್ಲಿಗೆ ಬಂದವರು ಜೇಬು ಬಿಚ್ಚಿಟ್ಟು ಹೋಗಬೇಕು ಎಂದು ನಾನು ನಾಲ್ಕು ಜನರ ಮುಂದೆ ಹೇಳಿದ ಮಾತನ್ನು ನಾಲ್ಕು ಜನರ ಮುಂದೆಯೇ ವಾಪಸು ತೆಗೆದುಕೊಳ್ಳುತ್ತೇನೆ. ಗಿಳಿಯ ಮುಂದೆಯೂ.

ಆದರೆ ಎರಡು ವಿಷಯದಲ್ಲಿ ನಾನು ಕದಲುವುದಿಲ್ಲ.

ನಾನು ಮಾತಾಡಲು ಬಿಡಲಿಲ್ಲ ಎಂದು ನೀವು ಸುಮ್ಮನಾದಿರಿ. ಹೆದರಿದ ಹೆಂಗಸು ಏನು ಬೇಕಾದರೂ ಮಾಡಿ ಅನ್ನುತ್ತಾಳೆ. ನಾಯಿ ಕಚ್ಚಲು ಬಂದರೆ ಬಾಯಿಗೆ ಪಟ್ಟಿ ಕಟ್ಟಿ ಮುಂದಿನ ಕೆಲಸ ಮಾಡುತ್ತೀರಿ. ನನ್ನ ಬಾಯಿಗೂ ಕಟ್ಟಿ, ಮೊತ್ತ ಹೇಳಿ, ಆಮೇಲೆ ಒಳಗೆ ಹೋಗಬೇಕಿತ್ತು. ನನ್ನದು ತಪ್ಪು, ನಿಮ್ಮದೂ ತಪ್ಪು. ನನ್ನ ತಪ್ಪಿಗೆ ನಾನು ಹಣ ಕೊಡುತ್ತೇನೆ. ನಿಮ್ಮ ತಪ್ಪಿಗೆ ನೀವೇನು ಕೊಡುತ್ತೀರಿ?

ಇನ್ನೊಂದು, ಜೀವವನ್ನು ಒತ್ತೆ ಇಟ್ಟುಕೊಳ್ಳಬಾರದು. ನನ್ನ ಹೆಸರಿನಲ್ಲಿ ಸಾಲ ಬರೆದುಕೊಳ್ಳಿ, ನನ್ನನ್ನು ಕೂರಿಸಿಕೊಳ್ಳಿ, ಅವನನ್ನು ಬಿಡಿ. ನಮ್ಮ ಮನೆಯಲ್ಲಿ ಒಬ್ಬರು ಬೂಟಿಗೆ ಪಾಲಿಶ್ ಹಾಕುವುದನ್ನು ನಿಲ್ಲಿಸಿದ್ದಾರೆ. ಅದರ ಅರ್ಥ ನಿಮಗೆ ತಿಳಿಯದು, ನನಗೆ ತಿಳಿಯುತ್ತದೆ.

ಇದರ ಜೊತೆಗಿರುವ ಡಬ್ಬಿ ಮೊದಲ ಕಂತು. ಉಳಿದದ್ದನ್ನು ತಿಂಗಳಿಗೊಮ್ಮೆ ನಾನೇ ತಂದು ಕೊಡುತ್ತೇನೆ. ಬಂದ ದಿನ ನಿಮ್ಮ ಕಾಯುವ ಕೋಣೆಯಲ್ಲಿ ಕೂತು, ಒಳಗೆ ಹೋಗುವ ಪ್ರತಿಯೊಬ್ಬರಿಗೂ "ಮೊದಲು ಖರ್ಚು ಕೇಳಿ, ನಾಚಿಕೆ ಪಡಬೇಡಿ" ಎಂದು ಹೇಳುತ್ತೇನೆ. ಬೇಕಿದ್ದರೆ ಹೊರಗೆ ದಬ್ಬಿ.

ನನ್ನ ಅಮ್ಮ ನಿಮ್ಮನ್ನು ಒಂದು ಮಾತು ಕೇಳಲು ಹೇಳಿದ್ದಾಳೆ: ನಿಮ್ಮ ಮನೆಯಲ್ಲಿ ಅವಳಂಥ ಹೆಂಡತಿ ಇದ್ದಾಳಾ?

ಮೂರನೇ ಮಹಡಿಯ
ಜಡ್ಜಪ್ಪನ ಕಡೆಯವಳು


ಜುಲೈ 1

ಜಡ್ಜಪ್ಪನ ಕಡೆಯವರಿಗೆ,

ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಹಣ ಆಮೇಲೆ ಕೊಡುತ್ತಾರೆಂದು ನಂಬಿ ಕಳಿಸಿದ ಎಷ್ಟೋ ನಾಯಿಗಳು ಈಗ ನನ್ನನ್ನು ಕಂಡರೆ ಬಾಲ ಆಡಿಸುತ್ತವೆ, ಅವುಗಳ ಯಜಮಾನರು ರಸ್ತೆ ದಾಟಿ ಆ ಕಡೆ ಹೋಗುತ್ತಾರೆ. ಅದಕ್ಕೇ ಬಿಡುವುದನ್ನು ನಿಲ್ಲಿಸಿದ್ದು. ಖುಷಿಗಲ್ಲ.

ನಿಮ್ಮ ನಾಯಿ ಯಾರಾದರೂ ಪಕ್ಕದಲ್ಲಿ ಮಾತಾಡುತ್ತಿದ್ದರೆ ಮಾತ್ರ ತಿನ್ನುತ್ತದೆ. ನಿನ್ನೆ ನಾನೇ ಕೂತೆ. ಏನು ಮಾತಾಡುವುದೆಂದು ತೋಚದೆ ನಿಮ್ಮ ಬಿಲ್ಲನ್ನೇ ಓದಿ ಹೇಳಿದೆ. ಪೂರ್ತಿ ಕೇಳಿ, ತಿಂದು, ನಿದ್ದೆ ಹೋಯಿತು.

ನಾಳೆ ಬಂದು ಕರೆದುಕೊಂಡು ಹೋಗಿ. ಆಪರೇಷನ್ನಿಗೆ ಬೇಕಾದ ದಿನಗಳ ಮೇಲೆ ಇಟ್ಟುಕೊಂಡದ್ದಕ್ಕೆ ಬಾಡಿಗೆ ಹಾಕಿಲ್ಲ. ನನ್ನ ತಪ್ಪಿನ ಬೆಲೆ ಅಷ್ಟೇ, ಚೌಕಾಸಿ ಇಲ್ಲ.

ಕಾಯುವ ಕೋಣೆಯಲ್ಲಿ ಕುರ್ಚಿ ಕಡಿಮೆ ಇವೆ. ನಿಮ್ಮದನ್ನು ನೀವೇ ತನ್ನಿ.

ಡಾಕ್ಟರ್


ಅಕ್ಟೋಬರ್ 6

ಪ್ರೀತಿಯ ಅಪ್ಪ, ಪ್ರೀತಿಯ ಅಮ್ಮ,

ಇಷ್ಟು ದಿನ ಫೋನಿನಲ್ಲಿ "ಚೆನ್ನಾಗಿದ್ದೀವಿ" ಎಂದು ಮಾತ್ರ ಹೇಳಿದ್ದಕ್ಕೆ ಕ್ಷಮಿಸಿ. ನಿಜವಾಗಿ ಚೆನ್ನಾಗಿದ್ದೇವೆ. ಇವರು ಆ 3ನೇ ನಂಬರಿನ ಗುಂಡಿಯನ್ನು ತೊಳೆದು ನಮ್ಮ ಬಾಗಿಲ ಚೌಕಟ್ಟಿಗೆ ಅಂಟಿಸಿದ್ದಾರೆ. ಈಗ ನನ್ನ ಮೂಗಿಗೆ ಬಿಡುವು ಸಿಗುತ್ತದೆಂದುಕೊಂಡೆ. ಎರಡನ್ನೂ ಒತ್ತುತ್ತಾರೆ. ಸಮುದ್ರ ಮುಂದಿನ ವರ್ಷ.

ಜಡ್ಜಪ್ಪ ಬಂದ ದಿನದ ಬಗ್ಗೆ ಹೇಳಲೇ ಇಲ್ಲ. ಮೆಟ್ಟಿಲು ಹತ್ತಿಸಿಕೊಂಡು ಬಂದಾಗ ಬೂಟುಗಳು ಬಾಗಿಲ ಬಳಿ ಇದ್ದವು, ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ನೀರು ಕುಡಿಯಲು ಹೋದೆ. ಅವರು ನನ್ನ ಕಡೆ ತಿರುಗದೆ, "ಆವತ್ತು ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಅವನನ್ನ ಎತ್ತಿಕೊಂಡು ಓಡಿದೆ ಅಂದ್ಯಲ್ಲ, ಅಲ್ಲಿಂದ ಹೇಳು" ಅಂದರು. ಹೇಳಿದೆ. ಗಡಿಯಾರ ತನ್ನ ಪಾಡಿಗೆ ಓಡುತ್ತಿತ್ತು.

ಈಗ ಪ್ರತಿ ತಿಂಗಳ ಮೊದಲ ಶನಿವಾರ ನಾನು ಮಡಚುವ ಕುರ್ಚಿ ಹಿಡಿದುಕೊಂಡು ಹೋಗುತ್ತೇನೆ. ಕಂತು ಕಟ್ಟುತ್ತೇನೆ, ಕೂರುತ್ತೇನೆ, ಬಂದವರಿಗೆಲ್ಲ ಹೇಳುತ್ತೇನೆ. ಡಾಕ್ಟರು ಬಾಗಿಲು ತೆರೆದು, ನನ್ನನ್ನು ದುರುಗುಟ್ಟಿ ನೋಡಿ, ಮೊತ್ತವನ್ನು ಬಸ್ಸಿನ ಕಂಡಕ್ಟರಂತೆ ಕೂಗಿ ಹೇಳುತ್ತಾರೆ. "ಸಾಕಾ? ಬೀದಿಯವರಿಗೂ ಕೇಳಿಸ್ಬೇಕಾ?" ಅನ್ನುತ್ತಾರೆ. ನಾನು "ಸಾಕು" ಅನ್ನುತ್ತೇನೆ. ಗಿಳಿಯವರು ಉಗುರು ಕತ್ತರಿಸುವುದಕ್ಕೂ ಚೌಕಾಸಿ ಶುರು ಮಾಡಿದ್ದಾರೆ. ಅದಕ್ಕೆ ನಾನು ಜವಾಬ್ದಾರಳಲ್ಲ.

ಮೊನ್ನೆ ಮಾತ್ರ ನಗುವ ಹಾಗಿರಲಿಲ್ಲ. ಒಬ್ಬಾಕೆ ಬೆಕ್ಕನ್ನು ಬುಟ್ಟಿಯಲ್ಲಿ ತಂದಿದ್ದಳು. ಹಣ್ಣಿನಂಗಡಿಯವಳು. ಬೆಕ್ಕು ಮೂತ್ರ ಕಟ್ಟಿಕೊಂಡು ನರಳುತ್ತಿತ್ತು. ಡಾಕ್ಟರು ಮೊತ್ತ ಹೇಳಿದರು. ಆಕೆ ಬುಟ್ಟಿ ಮುಚ್ಚಿ, ಎದ್ದು ಹೊರಟುಹೋದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ನೋಡಿದ್ರಾ? ಇದಕ್ಕೇ ನಾನು ಮೊದಲು ಬಾಯಿ ಬಿಡಕ್ಕೆ ಹೆದರೋದು."

ಅಪ್ಪ, ಆಗ ನಿನ್ನ ನೋಟ ನನಗೆ ಅರ್ಥವಾಯಿತು. ಬೆಲೆ ಕೇಳಿ ಪ್ರಾಣಿಯನ್ನು ಎತ್ತಿಕೊಂಡು ಹೋಗುವ ಬೆನ್ನನ್ನು ನೀನೂ ಯಾವತ್ತೋ ನೋಡಿರಬೇಕು. ಅದನ್ನು ಇನ್ನೊಮ್ಮೆ ನೋಡಬಾರದೆಂದು ಬೆಲೆಯನ್ನೇ ಹೇಳದೆ ಬದುಕಿದೆ. ಅದರ ಬೆಲೆ ಯಾರು ಕೊಟ್ಟರೆಂದು ಈಗ ಎಲ್ಲರಿಗೂ ಗೊತ್ತು.

ಆದರೂ ನಾನು ಒಪ್ಪಲಿಲ್ಲ. ಕುರ್ಚಿ ಬಿಟ್ಟು ಓಡಿ, ಮೆಟ್ಟಿಲ ಕೆಳಗೆ ಅವಳ ಬುಟ್ಟಿ ಹಿಡಿದುಕೊಂಡೆ. "ಎಷ್ಟು ಅಂತ ಕೇಳಿದ್ರಿ, ಸರಿ. ಹೇಗೆ ಕೊಡೋದು ಅಂತ ಕೇಳದೆ ಯಾಕೆ ಹೋಗ್ತೀರಿ?" ಅಂದೆ. "ಅದನ್ನೂ ಕೇಳ್ಬಹುದಾ?" ಅಂದಳು. ಕರೆತಂದೆ. ಡಾಕ್ಟರು, "ಇದೇನು ಬಡ್ಡಿ ಅಂಗಡೀನಾ, ಎಲ್ಲರಿಗೂ ಕಂತು ಕೊಡಕ್ಕೆ?" ಎಂದು ರೇಗಿದರು. ನಾನೂ ರೇಗಿದೆ. ಆಕೆ ಮತ್ತೆ ಬಾಗಿಲ ಕಡೆ ಹೊರಟಳು.

ಆಗ ಮೂಲೆಯಿಂದ ಒಂದು ದನಿ. ಆವತ್ತು ಅತ್ತೆಯೂ ಬಂದಿದ್ದರು, ಜಡ್ಜಪ್ಪನ ಕಿವಿ ತೋರಿಸಲು. "ಯಾರೂ ಲೈನ್ ಕಟ್ ಮಾಡ್ಬೇಡಿ" ಅಂದರು, ಎಕ್ಸ್‌ಚೇಂಜಿನ ದನಿಯಲ್ಲಿ. "ನೀವು ಮಾತಾಡಿ," ಎಂದು ಹಣ್ಣಿನಂಗಡಿಯವಳಿಗೆ. "ನೀವು ಕೇಳಿಸ್ಕೊಳ್ಳಿ," ಎಂದು ಡಾಕ್ಟರಿಗೆ. "ನೀನು ಸುಮ್ಮನಿರು," ಎಂದು ನನಗೆ. ಗಡಿಯಾರ ನೋಡಿದರು. ಮೂರು ನಿಮಿಷದೊಳಗೆ ವಾರದ ಕಂತಿನ ಮೇಲೆ ಒಪ್ಪಂದವಾಯಿತು. ಬೆಕ್ಕು ಉಳಿಯಿತು. ಜಡ್ಜಪ್ಪ ಎರಡೂ ಕಡೆಯದನ್ನು ಕೇಳಿ ನಿದ್ದೆ ಹೋಗಿದ್ದ.

ಡಾಕ್ಟರಿಗೂ ನನಗೂ ಸ್ನೇಹವೇನೂ ಇಲ್ಲ. ನನ್ನ ಕಂತುಗಳು ಮುಗಿದ ಮೇಲೆ ಕುರ್ಚಿ ತೆಗೆದುಕೊಂಡು ಹೋಗಿ ಅಂದಿದ್ದಾರೆ. ನಾನು ಆಗಲ್ಲ ಅಂದಿದ್ದೇನೆ.

ನಿಮ್ಮ
ವಟವಟಿ


ನವೆಂಬರ್ 2

ಚಿರಂಜೀವಿ ವಟವಟಿಗೆ ಆಶೀರ್ವಾದಗಳು.

ನಿಮ್ಮಮ್ಮ ಜೂನಿನಲ್ಲಿ ನಿನಗೆ ಏನು ಬರೆದಳೋ ನನಗೆ ತೋರಿಸಲಿಲ್ಲ. ಅಂಚೆಗೆ ಹಾಕಿದವನು ನಾನೇ. ಲಕೋಟೆ ದಪ್ಪವಾಗಿತ್ತು. ಅವಳು ನನಗೆ ಬರೆದರೂ ಒಂದು ಪುಟ ಮೀರಿದವಳಲ್ಲ.

ಈ ಬೆಳಿಗ್ಗೆ ಒಬ್ಬ ಮೇಕೆ ತಂದಿದ್ದ. ಕಾಲು ಮುರಿದಿತ್ತು. ಅವನು ಏನೂ ಕೇಳಲಿಲ್ಲ, ನನ್ನ ಹತ್ತಿರ ಯಾರೂ ಕೇಳುವುದಿಲ್ಲ. ನಾನೇ ಹೇಳಿದೆ. ಹೇಳುವ ಮೊದಲು ಎರಡು ಸಲ ಗಂಟಲು ಸರಿ ಮಾಡಿಕೊಳ್ಳಬೇಕಾಯಿತು. ನಿಮ್ಮಮ್ಮ ಕಾಫಿ ತಂದವಳು ಬಾಗಿಲಲ್ಲೇ ನಿಂತಿದ್ದಳು. ಅವನು ನನ್ನನ್ನು ನೋಡಿದ, ಮೇಕೆಯನ್ನು ನೋಡಿದ, "ಅಷ್ಟೇನಾ ಡಾಕ್ಟ್ರೇ?" ಎಂದು ಜೇಬಿನಿಂದ ತೆಗೆದು ಕೊಟ್ಟ. ಇಷ್ಟು ವರ್ಷ ಅವನ ಜೇಬಿನಲ್ಲಿ ಅದು ಇತ್ತು ಎಂದಾಯಿತು.

ಅವನು ಹೋದ ಮೇಲೆ ಆ ಹಣವನ್ನು ಹಾಗೆಯೇ ನಿಮ್ಮಮ್ಮನ ಕೈಗೆ ಕೊಟ್ಟೆ.

ಅವಳು ಎಣಿಸಲಿಲ್ಲ. ಮುಷ್ಟಿ ಬಿಗಿ ಹಿಡಿದು, "ಸರಿ. ಇದು ಮೊದಲನೇ ಕಂತು" ಎಂದು ಹೇಳಿ ಒಳಗೆ ಹೋದಳು.

ಇತಿ
ನಿನ್ನ ಅಪ್ಪ